ಮೂಳೆಯಿಂದ ರಕ್ತಕ್ಕೆ

ದಸರೆ ಕಳೆದ ವಾರದ ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಜೆ.ಪಿ. ನಗರದ ಕಡೆಯ ಒಂದು ಆಸ್ಪತ್ರೆಯ ಎರಡನೆಯ ಮಹಡಿ. ಹಾಜರಿದ್ದವರು ನಾನು, ನನ್ನ ತಂಗಿಯ ಗಂಡ ಮತ್ತು ಯಂತ್ರ ನಡೆಸುವ ಟೆಕ್ನಿಶಿಯನ್. ತಂಗಿ ಅದೇ ಕಟ್ಟಡದ ಐದನೆಯ ಮಹಡಿಯಲ್ಲಿ, ಹೊರಗಿನವರಿಗೆ ಪ್ರವೇಶವಿಲ್ಲದ ಕೋಣೆಯಲ್ಲಿದ್ದಳು. ಅವಳ ಮೂಳೆಗಳೊಳಗಿನ ಮಜ್ಜೆಯನ್ನು ಬಲವಾದ ಔಷಧ ಕೊಟ್ಟು ಬರಿದು ಮಾಡಿಯಾಗಿತ್ತು. ಆ ಖಾಲಿ ಜಾಗಕ್ಕೆ ನನ್ನ ಕೋಶಗಳು ಹೋಗಬೇಕಿತ್ತು. ಸೋಮವಾರ ನನ್ನಿಂದ ತೆಗೆದದ್ದು ಸಾಲಲಿಲ್ಲ. ಅದಕ್ಕೇ ಮಂಗಳವಾರ ಮತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದೆ.

ಟೆಕ್ನಿಶಿಯನ್ ಮೂವತ್ತರ ಆಸುಪಾಸಿನ ಹೆಂಗಸು, ಚುರುಕು. ನನ್ನ ಎಡಗೈಗೆ ಪಟ್ಟಿ ಬಿಗಿಯುತ್ತ ಕೇಳಿದಳು:

"ಇವತ್ತು ಬಾಯಿ ಬಿಡ್ತೀರಾ ಮೇಡಂ, ಇಲ್ಲ ನಿನ್ನೆ ಥರಾನೇನಾ?"

"ಬಿಡ್ತೀನಿ."

"ತುಟಿ ಜುಮ್ ಅಂದ್ರೆ?"

"ಹೇಳ್ತೀನಿ."

"ಬೆರಳು ಸೆಳೆದ್ರೆ?"

"ಅದನ್ನೂ ಹೇಳ್ತೀನಿ. ಮೊದ್ಲು ಸೂಜಿ ಚುಚ್ಚಮ್ಮ."

"ನಾನು ನೋಡ್ಕೋತೀನಿ ಬಿಡಿ," ಎಂದರು ತಂಗಿಯ ಗಂಡ. "ಅತ್ತಿಗೆ ಮುಖ ನೋಡಿದ್ರೆ ನಂಗೆ ಗೊತ್ತಾಗುತ್ತೆ."

"ನಿನ್ನೆ ನೋಡ್ಕೊಂಡಿದ್ದು ಸಾಕು ಸಾರ್. ಪೇಪರ್ ಒಳಗಿಂದ ಏನು ಕಾಣಿಸುತ್ತೆ?"

ಅವರು ಮಡಿಲಲ್ಲಿದ್ದ ಪೇಪರನ್ನು ಮಡಿಸಿ ಚೀಲಕ್ಕೆ ಹಾಕಿಬಿಟ್ಟರು.

ನಾನು ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದೆ. ಮಕ್ಕಳು ಡ್ರಿಲ್ ಮಿಸ್ ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೂ ದಿನಚರಿ ಬದಲಾಗಲಿಲ್ಲ. ಐದಕ್ಕೆ ಏಳುವುದು, ಜಯನಗರದ ನಮ್ಮ ಬ್ಲಾಕಿನ ಪಾರ್ಕಿನಲ್ಲಿ ನಡಿಗೆ, ವ್ಯಾಯಾಮ, ಸ್ನಾನ, ತಿಂಡಿ, ಎಲ್ಲವೂ ಹೊತ್ತಿಗೆ ಸರಿಯಾಗಿ. ಮದುವೆ ಮಾಡಿಕೊಳ್ಳಲಿಲ್ಲ. ತಂಗಿ ಮಾಡಿಕೊಂಡಳು, ಇಟ್ಟಮಡುವಿಗೆ ಹೋದಳು. ಅವಳ ಗಂಡನದು ಅಲ್ಲೇ ಪೈಪು, ನಲ್ಲಿ, ಬಣ್ಣ ಮಾರುವ ಹಾರ್ಡ್‌ವೇರ್ ಅಂಗಡಿ. ತಂಗಿಗೆ ಹೊತ್ತುಗೊತ್ತು ಎಂಬುದೇ ಇಲ್ಲ. ಹತ್ತು ಗಂಟೆಗೆ ಬರುತ್ತೇನೆ ಎಂದರೆ ಹನ್ನೆರಡಕ್ಕೆ ಬಂದು, "ಊಟದ ಹೊತ್ತಿಗೆ ಸರಿಯಾಗಿ ಬಂದೆ ನೋಡು" ಎನ್ನುವವಳು.

ಬೇಸಿಗೆಯಲ್ಲಿ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಮೊದಲ ಚಿಕಿತ್ಸೆಗೆ ರೋಗ ಬಗ್ಗಿತು. ಆದರೆ ಮತ್ತೆ ಬರುವ ಜಾತಿಯದು, ಬೇರೆಯವರ ಸ್ಟೆಮ್ ಸೆಲ್ ಕೊಟ್ಟರೆ ಮಾತ್ರ ದಾರಿ ಎಂದರು. ನಮ್ಮ ಅಣ್ಣನ ರಕ್ತ ಪರೀಕ್ಷೆ ಮಾಡಿದರು, ಹೊಂದಲಿಲ್ಲ. ನನ್ನದು ಪೂರ್ತಿ ಹೊಂದಿತು. ತಂಗಿಗೆ ಇದನ್ನು ಹೇಳಿದಾಗ ಅವಳು, "ಇಬ್ಬರಲ್ಲಿ ಇವಳದೇ ಹೊಂದಬೇಕಿತ್ತಾ?" ಎಂದಳು. ಡಾಕ್ಟರಿಗೆ ಇದು ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. ನನಗೆ ತಿಳಿಯಿತು.

ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವರು. ಕೆಲಸದ ರೀತಿಯನ್ನು ವಿವರಿಸಲು ನಮ್ಮಿಬ್ಬರನ್ನು, ಎಂದರೆ ನನ್ನನ್ನೂ ತಂಗಿಯ ಗಂಡನನ್ನೂ, ಒಂದು ಸಂಜೆ ಕೂರಿಸಿಕೊಂಡರು.

"ಮೂಳೆ ಕೊರೀತೀರಾ ಡಾಕ್ಟ್ರೇ?" ಎಂದು ತಂಗಿಯ ಗಂಡ ಕೇಳಿದರು. ಅಂಗಡಿಯಲ್ಲಿ ಡ್ರಿಲ್ಲಿಂಗ್ ಮೆಷಿನ್ನೂ ಮಾರುತ್ತಾರೆ, ಆ ಕಾಳಜಿ.

"ಈಗ ಅದು ಕಡಿಮೆ ಸಾರ್. ಕೋಶಗಳು ತಾವಾಗೇ ರಕ್ತಕ್ಕೆ ಬರೋ ಹಾಗೆ ಮಾಡ್ತೀವಿ. ರಕ್ತದಿಂದ ಹಿಡ್ಕೋತೀವಿ." ನನ್ನ ಕಡೆ ತಿರುಗಿದರು. "ಹಲಸಿನ ಹಣ್ಣು ಬಿಡಿಸಿದೀರಲ್ಲ ಮೇಡಂ?"

"ಬೇಕಾದಷ್ಟು."

"ತೊಳೆ ಹಿಡಿದು ಎಳೆದ್ರೆ?"

"ಹರಿಯುತ್ತೆ. ಬುಡದಲ್ಲಿ ನಾರು ಕತ್ತರಿಸಬೇಕು."

"ಅಷ್ಟೇ. ನಿಮ್ಮ ಮಜ್ಜೆ ಒಳಗೆ ನಾರು ಕತ್ತರಿಸೋರನ್ನ ಕೆಲಸಕ್ಕೆ ಹಚ್ತೀವಿ."

ಮುಂದೆ ಅವರು ಹೇಳಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ರಕ್ತದ ಎಲ್ಲ ಬಗೆಯ ಕಣಗಳೂ ಹುಟ್ಟುವುದು ಮಜ್ಜೆಯ ಸ್ಟೆಮ್ ಸೆಲ್‌ಗಳಿಂದ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಅದಕ್ಕೆ ಕಾಂಡಕೋಶ ಎಂದಿತ್ತು. ಕಾಂಡಕೋಶ ಒಂಟಿಯಾಗಿ ಇರುವುದಿಲ್ಲ. ಮಜ್ಜೆಯಲ್ಲಿ ಅದರ ಸುತ್ತ ಬೇರೆ ಕೋಶಗಳಿರುತ್ತವೆ, ಅವು ಅದನ್ನು ಎರಡು ಬಗೆಯಲ್ಲಿ ಹಿಡಿದಿಟ್ಟಿರುತ್ತವೆ. ಒಂದು, ಕೊಕ್ಕೆಯ ಹಾಗೆ ಮೈಗೆ ಮೈ ಅಂಟಿಸುವ ಪ್ರೋಟೀನು. ಇನ್ನೊಂದು, ಇಲ್ಲೇ ಇರು ಇಲ್ಲೇ ಇರು ಎಂದು ಸದಾ ಹೇಳುತ್ತಿರುವ, ಸುತ್ತಲೂ ಹರಡಿಕೊಂಡಿರುವ ಪ್ರೋಟೀನು. ಕೊಕ್ಕೆಯೂ ಕರೆಯೂ ಇರುವವರೆಗೆ ಕಾಂಡಕೋಶ ಮೂಳೆ ಬಿಟ್ಟು ಹೊರಡುವುದಿಲ್ಲ. ಹೊರಟರೂ ಬೆರಳೆಣಿಕೆಯಷ್ಟು.

ಐದು ದಿನ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದು ಹೆಚ್ಚಿಸುವುದು ಬಿಳಿ ರಕ್ತಕಣಗಳನ್ನು. ಆ ಬಿಳಿಕಣಗಳ ಹೊಟ್ಟೆಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿರುತ್ತವೆ. ಕಣಗಳು ಮಜ್ಜೆಯಲ್ಲಿ ತುಂಬಿಕೊಂಡಾಗ ಕಿಣ್ವಗಳನ್ನು ಹೊರಗೆ ಬಿಡುತ್ತವೆ. ಕಿಣ್ವಗಳು ಕೊಕ್ಕೆಯನ್ನು ತುಂಡು ಮಾಡುತ್ತವೆ, ಕರೆಯುವ ಪ್ರೋಟೀನನ್ನೂ ತುಂಡು ಮಾಡುತ್ತವೆ. ಹಿಡಿತ ತಪ್ಪಿದ ಕಾಂಡಕೋಶ ರಕ್ತಕ್ಕೆ ಇಳಿಯುತ್ತದೆ.

"ಅವು ಸಿಕ್ಕಿದ್ದನ್ನೆಲ್ಲ ಕತ್ತರಿಸ್ಕೊಂಡು ಹೋದ್ರೆ?" ಎಂದು ನಾನು ಕೇಳಿದೆ.

"ಹಾಗಾಗದೇ ಇರೋದಕ್ಕೆ ತಡೆಯೋವೂ ಇರ್ತವೆ ಮೇಡಂ. ಮಾಮೂಲಿ ದಿನದಲ್ಲಿ ಕತ್ತರಿಸೋವು ಇರ್ತವೆ, ಅವುಗಳ ಕೈ ಹಿಡಿಯೋವೂ ಇರ್ತವೆ, ಎರಡೂ ಸಮ. ಈ ಇಂಜೆಕ್ಷನ್ ಆದಾಗ ಮಜ್ಜೆಯಲ್ಲಿ ತಡೆಯೋವು ಕಡಿಮೆ ಆಗ್ತವೆ. ನಿಲ್ಲಿಸಿದ್ರೆ ಮತ್ತೆ ಬರ್ತವೆ."

"ಚದುರಿ ಅಂದ ಮೇಲೆ ಮತ್ತೆ ಸಾಲಿಗೆ ಕರೆಯೋರು ಇದಾರೆ ಅನ್ನಿ."

"ಇದಾರೆ." ಅವರು ನಕ್ಕರು. "ಆದ್ರೆ ಒಂದು ಮಾತು. ಇದೆಲ್ಲ ಹೆಚ್ಚಾಗಿ ಇಲಿಗಳಲ್ಲಿ ನೋಡಿ ತಿಳ್ಕೊಂಡಿದ್ದು. ಇಂಥಿಂಥ ಕಿಣ್ವ ಇಲ್ಲದ ಇಲೀಲೂ ಕೋಶಗಳು ಹೊರಗೆ ಬಂದಿವೆ. ಅಂದ್ರೆ ಇವುಗಳಲ್ಲದೆ ಬೇರೆ ದಾರೀನೂ ಇದೆ. ಪೂರ್ತಿ ನಮಗೂ ಗೊತ್ತಿಲ್ಲ. ಇಂಜೆಕ್ಷನ್ ಕೆಲಸ ಮಾಡುತ್ತೆ ಅನ್ನೋದು ಗೊತ್ತು."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದು ನನಗೆ ಹಿಡಿಸಿತು. ಜೊತೆಗೆ ಇನ್ನೊಂದು ವಿಷಯವನ್ನೂ ಅವರು ಸ್ಪಷ್ಟವಾಗಿ ಹೇಳಿದರು. ತಂಗಿಯ ಮಜ್ಜೆ ಬರಿದು ಮಾಡುವ ಔಷಧವನ್ನು ಒಮ್ಮೆ ಶುರು ಮಾಡಿದರೆ ಹಿಂದಕ್ಕೆ ಬರುವ ಹಾಗಿಲ್ಲ. ಆಮೇಲೆ ಅವಳ ಮೈಯಲ್ಲಿ ರಕ್ತ ಹುಟ್ಟಬೇಕಾದರೆ ನನ್ನ ಕೋಶಗಳೇ ಆಗಬೇಕು, ಮತ್ತು ಅವು ಇಂತಿಷ್ಟು ಎಂದು ಇರಲೇಬೇಕು. ನಾನು ತಲೆಯಾಡಿಸಿದೆ. ತಂಗಿಯ ಗಂಡ ನೀರು ಕೇಳಿ ಕುಡಿದರು.

ಇಂಜೆಕ್ಷನ್ ಕೊಡಲು ಒಬ್ಬ ನರ್ಸ್ ಮನೆಗೇ ಬರುತ್ತಿದ್ದರು. ಹೊಟ್ಟೆಯ ಚರ್ಮ ಹಿಡಿದೆತ್ತಿ ಚುಚ್ಚುವುದು, ಅಷ್ಟೇ. ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನದಿಂದ ಸೊಂಟ, ಬೆನ್ನು, ಎದೆಯ ನಡುಮೂಳೆ ನೋಯಲು ತೊಡಗಿದವು. ಮಾಂಸಖಂಡದ ನೋವು ನನಗೆ ಪರಿಚಿತ, ಇದು ಅದಲ್ಲ. ಮೂಳೆಯ ಒಳಗೆ ಯಾರೋ ಜಾಗ ಸಾಲದೆ ಒತ್ತರಿಸುತ್ತಿರುವಂಥ ನೋವು. ಹೊಟ್ಟೆಯ ಎಡಗಡೆ ಇರುವ ಗುಲ್ಮ, ಎಂದರೆ ಸ್ಪ್ಲೀನ್, ಊದಿಕೊಂಡಿರುತ್ತದೆ, ವ್ಯಾಯಾಮ ಕೂಡದು, ಭಾರ ಎತ್ತಕೂಡದು ಎಂದಿದ್ದರು. ಆ ಹೊತ್ತಿನಲ್ಲಿ ದಸರೆ ಬೊಂಬೆಗಳನ್ನು ಒರೆಸಿ, ಹಳೆ ಪಂಚೆಯ ತುಂಡುಗಳಲ್ಲಿ ಸುತ್ತಿ ಇಟ್ಟೆ. ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸುವುದನ್ನು ಮಾತ್ರ ಬಿಟ್ಟೆ.

ತಂಗಿಯ ಗಂಡ ದಿನಾ ಸಂಜೆ ಫೋನ್ ಮಾಡುವರು.

"ನೋವಿದೆಯಾ ಅತ್ತಿಗೆ?"

"ಇದೆ."

"ಜಾಸ್ತೀನಾ?"

"ನಿನ್ನೆಗಿಂತ ಜಾಸ್ತಿ."

"ಸದ್ಯ!" ಎನ್ನುವರು. ಆಮೇಲೆ ತಾವೇ ಕಂಗಾಲಾಗಿ, "ಅಂದ್ರೆ, ಹಾಗಲ್ಲ, ಕೆಲಸ ನಡೀತಿದೆ ಅಂತ..." ಎನ್ನುವರು. ನೋವಿನ ಪ್ರಮಾಣಕ್ಕೂ ಹೊರಬರುವ ಕೋಶಗಳಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವರು ನಂಬಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಪೂರ್ತಿ ನಂಬಿರಲಿಲ್ಲ.

ತಂಗಿಗೆ ಆ ದಿನಗಳಲ್ಲಿ ಔಷಧ ಹೋಗುತ್ತಿತ್ತು. ಬಾಯಿಯೆಲ್ಲ ಹುಣ್ಣು. ಆದರೂ ಒಂದು ಸಲ ಫೋನ್ ತೆಗೆದುಕೊಂಡಳು.

"ತುಂಬ ನೋವಂತೆ?"

"ಸ್ವಲ್ಪ."

"ನಿನ್ ಸ್ವಲ್ಪ ಅಂದ್ರೆ ಬೇರೆಯವರಿಗೆ ಆಂಬುಲೆನ್ಸು. ಮಾತ್ರೆ ತಗೊಂಡ್ಯಾ?"

"ಡಾಕ್ಟ್ರು ಬೇಕಿದ್ರೆ ತಗೊಳ್ಳಿ ಅಂದಿದ್ರು. ಬೇಕಾಗಿಲ್ಲ."

"ಮೆಡಲ್ ಕೊಡ್ತಾರೆ ಅಂದ್ಕೊಂಡಿದೀಯಾ?" ಎಂದು ಇಟ್ಟುಬಿಟ್ಟಳು.

ಸೋಮವಾರ ಯಂತ್ರದ ಕುರ್ಚಿಯಲ್ಲಿ ಕೂತೆ. ಒಂದು ಕೈಯಿಂದ ರಕ್ತ ಹೊರಗೆ ಹೋಗುತ್ತದೆ, ಯಂತ್ರದೊಳಗೆ ಗಿರಗಿರ ತಿರುಗಿ ಪದರ ಪದರವಾಗುತ್ತದೆ. ಬೇಕಾದ ಪದರವನ್ನು ಒಂದು ಚೀಲಕ್ಕೆ ಇಳಿಸಿ, ಉಳಿದದ್ದನ್ನು ಇನ್ನೊಂದು ಕೈಗೆ ವಾಪಸು ಕೊಡುತ್ತದೆ. ಎರಡೂ ಕೈ ಅಲುಗಿಸುವ ಹಾಗಿಲ್ಲ. ನಾಲ್ಕೈದು ಗಂಟೆಯ ಕೆಲಸ. ಚೀಲದಲ್ಲಿ ನಿಧಾನವಾಗಿ ತುಂಬುವುದು ತೆಳು ಟೊಮೇಟೊ ಸಾರಿನ ಬಣ್ಣದ್ದು.

ರಕ್ತ ಯಂತ್ರದಲ್ಲಿ ಹೆಪ್ಪುಗಟ್ಟಬಾರದೆಂದು ಒಂದು ದ್ರವ ಸೇರಿಸುತ್ತಾರೆ. ಅದು ಮೈಗೆ ವಾಪಸು ಬಂದಾಗ ರಕ್ತದ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಮೊದಲು ತುಟಿ ಜುಮ್ಮೆನ್ನುತ್ತದೆ, ಕೂಡಲೇ ಹೇಳಿ, ಯಂತ್ರ ನಿಧಾನ ಮಾಡಿ ಕ್ಯಾಲ್ಸಿಯಂ ಕೊಡುತ್ತೇವೆ ಎಂದು ಟೆಕ್ನಿಶಿಯನ್ ಮೊದಲೇ ಹೇಳಿದ್ದಳು. ಮಾತು ಸ್ಪಷ್ಟವಾಗಿತ್ತು. ನನಗೆ ಕೇಳಿಸಿತ್ತು.

ಒಂದು ಗಂಟೆ ಕಳೆಯುವ ಹೊತ್ತಿಗೆ ತುಟಿ ಜುಮ್ಮೆಂದಿತು. ನಾನು ಹೇಳಲಿಲ್ಲ. ನನ್ನ ಲೆಕ್ಕ ಹೀಗಿತ್ತು: ಹೇಳಿದರೆ ನಿಧಾನ ಮಾಡುತ್ತಾರೆ. ನಿಧಾನ ಮಾಡಿದರೆ ಕಡಿಮೆ ರಕ್ತ ಯಂತ್ರ ದಾಟುತ್ತದೆ. ಕಡಿಮೆ ದಾಟಿದರೆ ಚೀಲಕ್ಕೆ ಕಡಿಮೆ. ಮೂರು ಮಹಡಿ ಮೇಲೆ ಮಜ್ಜೆಯಿಲ್ಲದ ತಂಗಿ.

ಇನ್ನೊಂದು ಕಾರಣವೂ ಇತ್ತು. ಆಗಸ್ಟ್ ಹದಿನೈದರ ಪೆರೇಡಿಗೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಅಭ್ಯಾಸ ಮಾಡಿಸುತ್ತಿದ್ದೆವು. ಸಾವಧಾನ್ ಎಂದ ಮೇಲೆ ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತಬಾರದು. ತಲೆ ಸುತ್ತುತ್ತಿದೆ ಮಿಸ್ ಎಂದು ಹೇಳಿದ ಹುಡುಗಿಯನ್ನು ನೆರಳಿಗೆ ಕಳಿಸಿ, ಅವಳ ಜಾಗಕ್ಕೆ ಬೇರೆಯವಳನ್ನು ನಿಲ್ಲಿಸುವುದು ನಿಯಮ. ಹಾಗಾಗಿ ಹೆಚ್ಚಿನವರು ಹೇಳುತ್ತಿರಲಿಲ್ಲ, ಸಾಲಿನಲ್ಲಿ ನಿಂತೇ ಇರುತ್ತಿದ್ದರು. ಆ ಕುರ್ಚಿಯಲ್ಲಿ ನನ್ನ ಮೈ ಆ ನಿಯಮವನ್ನು ಪಾಲಿಸಿತು. ನನ್ನ ಜಾಗಕ್ಕೆ ನಿಲ್ಲಿಸಲು ಬೇರೆಯವರಿಲ್ಲ ಎಂಬುದು ನನಗೆ ಸುಮ್ಮನಿರಲು ಇನ್ನಷ್ಟು ಬಲವಾದ ಕಾರಣವಾಗಿ ಕಂಡಿತು. ಅದು ತಿರುವುಮುರುವು ಎಂದು ಆಗ ಹೊಳೆಯಲಿಲ್ಲ.

ಜುಮ್ಮೆನ್ನುವುದು ತುಟಿಯಿಂದ ಗಲ್ಲಕ್ಕೆ, ಗಲ್ಲದಿಂದ ಬೆರಳುಗಳಿಗೆ ಬಂತು. ಗೋಡೆಯ ಗಡಿಯಾರ ನೋಡುತ್ತ ಕೂತೆ. ಆಮೇಲೆ ಬಲಗೈಯ ಬೆರಳುಗಳು ತಾವಾಗಿ ಒಟ್ಟುಗೂಡಿ, ಮಣಿಕಟ್ಟು ಒಳಕ್ಕೆ ಬಾಗಿತು. ಬಿಡಿಸಲು ನೋಡಿದೆ, ಆಗಲಿಲ್ಲ. ಸೂಜಿ ಸರಿದು ಯಂತ್ರ ಕೂಗಿಕೊಂಡಿತು.

ತಂಗಿಯ ಗಂಡ ಪೇಪರಿನಿಂದ ತಲೆಯೆತ್ತಿ, "ಅಯ್ಯೋ, ಕೈ ನೋಡಿ, ಕೈ! ಹಾವಿನ ಹೆಡೆ ಥರ ಆಗಿದೆ!" ಎಂದು ಕೂಗಿದರು. ಟೆಕ್ನಿಶಿಯನ್ ಓಡಿ ಬಂದು ಯಂತ್ರ ನಿಲ್ಲಿಸಿದಳು. ಡಾಕ್ಟರು ಬಂದರು. ಕ್ಯಾಲ್ಸಿಯಂ ಹನಿಹನಿಯಾಗಿ ಇಳಿಯಿತು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಯಾವಾಗಿಂದ ಜುಮ್ ಅಂತಿತ್ತು?" ಡಾಕ್ಟರು ಕೇಳಿದರು.

"ಒಂಬತ್ತರಿಂದ."

ಅವರೂ ಗಡಿಯಾರ ನೋಡಿದರು. ಹನ್ನೊಂದಾಗಿತ್ತು.

"ಯಾಕೆ ಹೇಳಲಿಲ್ಲ?"

"ನಿಧಾನ ಮಾಡ್ತೀರಿ ಅಂತ."

"ನಿಧಾನ ಮಾಡಿದ್ರೆ ಅರ್ಧ ಗಂಟೆ ಜಾಸ್ತಿ ಕೂರಬೇಕಾಗ್ತಿತ್ತು. ಈಗ ನೋಡಿ, ನಿಲ್ಲಿಸಿಯೇ ಬಿಡಬೇಕಾಯ್ತು. ಸೂಜಿ ಬೇರೆ ಜಾಗಕ್ಕೆ ಹಾಕ್ಬೇಕು, ನಿಮ್ಮ ಕ್ಯಾಲ್ಸಿಯಂ ಸರಿಹೋಗ್ಬೇಕು. ಇವತ್ತು ಪೂರ್ತಿ ಆಗಲ್ಲ." ಅವರು ದನಿಯೇರಿಸಲಿಲ್ಲ. "ಕೆಲಸ ಮಾಡ್ತಿರೋದು ನೀವಲ್ಲ ಮೇಡಂ. ನಿಮ್ಮ ಮಜ್ಜೆ. ನೀವು ಅದಕ್ಕೆ ಏನಾಗ್ತಿದೆ ಅಂತ ನಮಗೆ ಹೇಳೋರು, ಅಷ್ಟೇ."

ಬಿಚ್ಚಿಕೊಂಡ ಬೆರಳುಗಳನ್ನು ಒಮ್ಮೆ ಮಡಿಸಿ ನೋಡಿದೆ.

ಸೂಜಿ ಬದಲಿಸಿ ಇನ್ನು ಸ್ವಲ್ಪ ಹೊತ್ತು ಯಂತ್ರ ನಡೆಸಿ, ಮೈ ಒಪ್ಪದ ಕಾರಣ ನಿಲ್ಲಿಸಿದರು. ಮಧ್ಯಾಹ್ನ ಪ್ರಯೋಗಾಲಯದಿಂದ ಎಣಿಕೆ ಬಂತು. ಬೇಕಾದ್ದರಲ್ಲಿ ಅರ್ಧ.

"ನಾನು ಸುಮ್ಮನಿದ್ದದ್ದಕ್ಕಾ?" ಎಂದು ಕೇಳಿದೆ.

"ಅದೂ ಇರಬಹುದು. ವಯಸ್ಸಾದವರಲ್ಲಿ ಕೋಶಗಳು ಹೊರಬರೋದೇ ಕಡಿಮೆ, ಅದೂ ಇರಬಹುದು. ಬೇರೆ ಬೇರೆ ಮಾಡಿ ಹೇಳೋಕಾಗಲ್ಲ. ಸಂಜೆ ಇನ್ನೊಂದು ಇಂಜೆಕ್ಷನ್. ನಾಳೆ ಮತ್ತೆ ಕೂರಿ."

"ನಾಳೆಯೂ ಸಾಲದೆ ಹೋದ್ರೆ?"

"ಅನಸ್ತೇಷಿಯಾ ಕೊಟ್ಟು ಮೂಳೆಯಿಂದಲೇ ತೆಗೀಬೇಕಾಗುತ್ತೆ. ನಿಮ್ಮ ವಯಸ್ಸಲ್ಲಿ ನಂಗೆ ಅದು ಇಷ್ಟ ಇಲ್ಲ. ನಿಮ್ಮ ತಂಗಿಗೂ ಅಷ್ಟು ದಿನ ಕಾಯೋ ಶಕ್ತಿ ಇಲ್ಲ."

ಸೋಮವಾರದ ಚೀಲವನ್ನು ತಣ್ಣಗಿಡುವ ಪೆಟ್ಟಿಗೆಯಲ್ಲಿ ಇಟ್ಟರು. ಮೇಲೆ ತಂಗಿಗೆ ವಿಷಯ ಆಗಲೇ ತಲುಪಿತ್ತು. ನಾನು ಮನೆ ಮುಟ್ಟುವ ಮೊದಲೇ, ಆಟೋದಲ್ಲಿ, ಅವಳ ಫೋನು.

"ನನ್ ತೂಕಕ್ಕೆ ತಕ್ಕ ಹಾಗೆ ಬೇಕಂತೆ. ಕೆ.ಜಿ.ಗೆ ಇಷ್ಟು ಅಂತ."

"ಹೌದು."

"ವಾಕಿಂಗ್ ಹೋಗು, ವಾಕಿಂಗ್ ಹೋಗು ಅಂತ ಎಷ್ಟು ವರ್ಷ ಬಡ್ಕೊಂಡೆ ನೀನು. ಹೋಗಿದ್ರೆ ಇವತ್ತೇ ಸಾಕಾಗ್ತಿತ್ತು."

"ಈಗ ಹೇಳಿ ಪ್ರಯೋಜನ ಇಲ್ಲ."

"ಅಲ್ಲ, ನಿಂಗೆ ಖುಷಿ ಆಗ್ಲಿ ಅಂತ ಹೇಳ್ದೆ." ಅವಳ ದನಿ ಹುಣ್ಣಿನಿಂದ ತೊದಲುತ್ತಿತ್ತು. ಆಮೇಲೆ ಕೇಳಿದಳು: "ಕೈ ನೆಟ್ಟಗಾಯ್ತಾ?"

"ಆಯ್ತು."

"ಇವರು ಹೇಳಿದ್ರು, ನೀನು ಹಲ್ಲು ಕಚ್ಕೊಂಡು ಕೂತಿದ್ದೆ ಅಂತ. ಅಕ್ಕ, ಅಲ್ಲಿ ನಿನ್ನ ಯಾರೂ ಸಾಲಿಂದ ಆಚೆ ಕಳಿಸಲ್ಲ ಕಣೆ. ನಂಗಿರೋಳು ನೀನೊಬ್ಳೇ."

ಅಷ್ಟು ಹೇಳಿ ಫೋನ್ ಇಟ್ಟಳು. ಸಂಜೆ ನರ್ಸ್ ಬಂದು ಇಂಜೆಕ್ಷನ್ ಕೊಟ್ಟು ಹೋದರು. ಕ್ಯಾಲ್ಸಿಯಂ ಮಾತ್ರೆ ನುಂಗಿದೆ. ಒಂದು ದೊಡ್ಡ ಲೋಟ ರಾಗಿ ಅಂಬಲಿ ಮಜ್ಜಿಗೆ ಹಾಕಿ ಕುಡಿದೆ. ಮಲಗಿದೆ.

ಈಗ ಮಂಗಳವಾರಕ್ಕೆ ಬರುತ್ತೇನೆ.

ಸೂಜಿಗಳು ಕೂತವು. ಯಂತ್ರ ತಿರುಗಿತು. ಕ್ಯಾಲ್ಸಿಯಮ್ಮನ್ನು ಮೊದಲಿನಿಂದಲೇ ಸಣ್ಣಗೆ ಬಿಟ್ಟಿದ್ದರು. ತಂಗಿಯ ಗಂಡ ಕುರ್ಚಿಯನ್ನು ನನ್ನ ಎದುರಿಗೇ ಎಳೆದುಕೊಂಡು ಕೂತರು. ಅವರ ದೃಷ್ಟಿ ನನ್ನ ಬಾಯಿಯ ಮೇಲೆ ನಿಂತುಬಿಟ್ಟಿತ್ತು.

"ಸ್ವಲ್ಪ ಆ ಕಡೆ ನೋಡಿ," ಎಂದೆ.

"ಇಲ್ಲ ಅತ್ತಿಗೆ. ನಿನ್ನೆ ರಾತ್ರಿ ಅವಳ ಹತ್ರ ಬೈಸ್ಕೊಂಡಿದೀನಿ."

ಸುಮಾರು ಎಂಟೂವರೆಗೆ ತುಟಿಯ ಎಡಭಾಗದಲ್ಲಿ ಸ್ವಲ್ಪ ಜುಮ್ಮೆಂದಿತು. ಹೇಳಬೇಕು ಎಂದು ತೀರ್ಮಾನಿಸಿ ಬಂದಿದ್ದರೂ ಗಂಟಲಿನಿಂದ ಮಾತು ಹೊರಡಿಸುವುದಕ್ಕೆ ಒಂದು ನೂಕು ಬೇಕಾಯಿತು.

"ತುಟಿ," ಎಂದೆ.

ಟೆಕ್ನಿಶಿಯನ್ ಒಂದು ಗುಂಡಿ ಒತ್ತಿದಳು. ಹನಿಯ ಕೊಳವೆಯನ್ನು ಸ್ವಲ್ಪ ಸಡಿಲಿಸಿದಳು. ಜುಮ್ಮೆನ್ನುವುದು ಇಳಿಯಿತು. ಅಷ್ಟೇ. ಅದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ. ಚೀಲಕ್ಕೆ ಇಳಿಯುವುದು ನಿಲ್ಲಲಿಲ್ಲ.

ಆಮೇಲೆ ನಾನು ಎಲ್ಲವನ್ನೂ ಹೇಳತೊಡಗಿದೆ. ತುಟಿ ಮತ್ತೆ. ಕಡಿಮೆಯಾಯಿತು. ಎಡಗಾಲಿನ ಹೆಬ್ಬೆರಳು ತಣ್ಣಗಿದೆ. ಎದೆಯಲ್ಲಿ ಏನೂ ಇಲ್ಲ. ಬಲಗೈ ಸೂಜಿ ಇರುವಲ್ಲಿ ಒಂದು ಎಳೆತ.

"ಮೇಡಂ," ಎಂದಳು ಅವಳು, "ಏನೂ ಇಲ್ಲ ಅನ್ನೋದನ್ನ ಹೇಳ್ಬೇಕಾಗಿಲ್ಲ."

"ಯಾವುದು ಬೇಕು ಯಾವುದು ಬೇಡ ಅಂತ ನನಗೆ ಗೊತ್ತಾಗಲ್ಲ. ನೀನೇ ಆರಿಸ್ಕೋ."

"ಅತ್ತಿಗೆ ಒಂದೋ ಮೌನವ್ರತ, ಇಲ್ಲಾಂದ್ರೆ ಆಕಾಶವಾಣಿ," ಎಂದರು ತಂಗಿಯ ಗಂಡ.

"ಮೂಗು ತುರಿಸ್ತಿದೆ," ಎಂದೆ.

ಇಬ್ಬರೂ ನನ್ನನ್ನು ನೋಡಿದರು. ಎರಡೂ ಕೈ ಕಟ್ಟಿಹಾಕಿದ್ದಾರೆ. ಟೆಕ್ನಿಶಿಯನ್ ಕೈಗವಸು ಬದಲಿಸಿ ಬಂದು ಮೂಗು ತುರಿಸಿದಳು. "ಇಲ್ಲೇನಾ? ಇಲ್ಲೇನಾ?" ಎಂದು ಕೇಳುತ್ತ ತುರಿಸಿದಳು. ಬುದ್ಧಿ ಬಂದ ಮೇಲೆ ಇನ್ನೊಬ್ಬರು ನನ್ನ ಮೂಗು ಮುಟ್ಟಿದ್ದು ಅದೇ ಮೊದಲು. ಕೆಲಸ ಚೆನ್ನಾಗಿ ಆಯಿತು.

ಮಧ್ಯದಲ್ಲಿ ತಂಗಿಯ ಗಂಡ ಚೀಲವನ್ನು ದಿಟ್ಟಿಸುತ್ತ, "ಇದರೊಳಗೆ ಇರೋವು ಅಲ್ಲಿಗೆ ಹೋದ್ರೆ ಮೂಳೆ ಹುಡುಕೋದು ಹೇಗೆ? ರಕ್ತದಲ್ಲಿ ಹಾಕಿದ್ರೆ ಕಾಲಿಗೂ ಹೋಗ್ತವೆ, ತಲೆಗೂ ಹೋಗ್ತವೆ. ಪೈಪ್‌ಲೈನಲ್ಲಿ ಬಿಟ್ಟ ನೀರು ಇಂಥ ನಲ್ಲೀಲೇ ಬಾ ಅಂದ್ರೆ ಬರುತ್ತಾ?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಡಾಕ್ಟರು ಬಂದಾಗ ಅವರಿಗೂ ಅದೇ ಪ್ರಶ್ನೆ ಹಾಕಿದರು.

"ಇವರ ಮಜ್ಜೆಯಲ್ಲಿ ನಾವು ಕರೆಯೋ ಪ್ರೋಟೀನ್ ಕತ್ತರಿಸಿದ್ವಿ, ಅದಕ್ಕೇ ಹೊರಟವು," ಎಂದರು ಡಾಕ್ಟರು. "ಅಲ್ಲಿ ಮೇಲೆ ಮಜ್ಜೆ ಖಾಲಿ ಆಗಿದೆ. ಸುತ್ತಲಿನ ಕೋಶಗಳು ಬನ್ನಿ ಬನ್ನಿ ಅಂತಿರ್ತವೆ. ಆ ಕರೆ ಈಗ ಜೋರಾಗಿರುತ್ತೆ ಸಾರ್. ಇವು ಸುತ್ತಾಡಿ ಆ ಕಡೆಗೇ ಹೋಗಿ ಕೂತ್ಕೋತವೆ. ಎಲ್ಲವೂ ಅಲ್ಲ. ಸಾಕಷ್ಟು."

"ಅಲ್ಲಿ ಕತ್ತರಿಸೋವು ಇಲ್ವಾ?"

"ಸ್ವಲ್ಪ ಇರ್ತವೆ. ಇರಲೂ ಬೇಕು. ರಕ್ತನಾಳದ ಗೋಡೆ ದಾಟಿ ಮೂಳೆ ಒಳಗೆ ಹೋಗೋದಕ್ಕೆ ದಾರಿ ಮಾಡೋದೂ ಇಂಥವೇ ಕಿಣ್ವಗಳು. ಅಳತೆಯಲ್ಲಿದ್ರೆ ಒಳಗೆ ಬಿಡ್ತವೆ, ಮೀರಿದ್ರೆ ಓಡಿಸ್ತವೆ."

ತಂಗಿಯ ಗಂಡ ತಲೆದೂಗಿದರು. "ನಲ್ಲಿ ವಾಷರ್ ಥರ," ಎಂದರು. ಡಾಕ್ಟರು ಇರಬಹುದು ಎಂಬಂತೆ ಹುಬ್ಬೇರಿಸಿ ಹೊರಟುಹೋದರು.

ಹನ್ನೆರಡೂವರೆಗೆ ಯಂತ್ರ ತಾನಾಗಿ ನಿಂತಿತು. ಸೂಜಿಗಳನ್ನು ತೆಗೆದು ಎರಡೂ ಮೊಣಕೈಗೆ ಹತ್ತಿಯಿಟ್ಟು ಪಟ್ಟಿ ಸುತ್ತಿದರು. ಚೀಲ ಪ್ರಯೋಗಾಲಯಕ್ಕೆ ಹೋಯಿತು. ನಾವು ಕೆಳಗಿನ ಕ್ಯಾಂಟೀನಿನಲ್ಲಿ ಮೊಸರನ್ನ ತಿಂದೆವು. ತಂಗಿಯ ಗಂಡ ತಮ್ಮದನ್ನು ಅರ್ಧ ಬಿಟ್ಟರು. ನಾನು ಬಿಡಲಿಲ್ಲ. ಮತ್ತೆ ಮೇಲೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಅವರು ಎದ್ದು ನಡೆದಾಡಿ ಬಂದು ಕೂರುವರು, ಮತ್ತೆ ಏಳುವರು. ನಾನು ಬೆನ್ನು ನೇರ ಇಟ್ಟು ಕೂತಿದ್ದೆ. ಯೋಚನೆ ಒಂದೇ ಇತ್ತು. ಸೋಮವಾರ ನಾನು ಸುಮ್ಮನಿದ್ದ ಎರಡು ಗಂಟೆಗಳಲ್ಲಿ ಎಷ್ಟು ಬರಬಹುದಿತ್ತು, ಅವು ಇಂದು ಬಂದವೋ ಇಲ್ಲವೋ.

ಕಾಫಿಯ ಹೊತ್ತಿಗೆ ಡಾಕ್ಟರು ತಾವೇ ನಡೆದು ಬಂದರು. ಫೋನ್ ಮಾಡಿ ಹೇಳಬಹುದಾಗಿತ್ತು.

"ಸಾಕು ಮೇಡಂ. ಎರಡೂ ಸೇರಿ ಸಾಕಾಯ್ತು."

"ಅಂದ್ರೆ ಬೇಕಾದಷ್ಟೇನಾ, ಸ್ವಲ್ಪ ಮಿಕ್ಕುತ್ತಾ?" ಎಂದು ತಂಗಿಯ ಗಂಡ ಕೇಳಿದರು.

"ಸ್ವಲ್ಪ ಮಿಕ್ಕುತ್ತೆ ಸಾರ್."

ಅವರು ಗೋಡೆಯ ಕಡೆ ತಿರುಗಿ ನಿಂತರು. ಹೆಗಲು ಅಲುಗಿತು. ನಾನು ನರ್ಸಿಗೆ ಫೋನ್ ಮಾಡಿ ಸಂಜೆ ಇಂಜೆಕ್ಷನ್ ಬೇಡ ಎಂದು ತಿಳಿಸಿದೆ. ಆ ಹೊತ್ತಿಗೆ ಅವರು ಮುಖ ಒರೆಸಿಕೊಂಡು ಈ ಕಡೆ ತಿರುಗಿದ್ದರು.

ಸಂಜೆ ಐದನೆಯ ಮಹಡಿ. ಗಾಜಿನ ಆಚೆ ತಂಗಿ, ಈಚೆ ನಾವು, ಮಾತಾಡಲು ಗೋಡೆಯ ಮೇಲೊಂದು ಫೋನು. ತಲೆಯ ಮೇಲೆ ಒಂದು ಕೂದಲಿಲ್ಲ. ಅವಳ ತಲೆಯ ಹಿಂಭಾಗ ನಮ್ಮ ತಾಯಿಯ ತಲೆಯ ಹಾಗೆಯೇ ಚಪ್ಪಟೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಎರಡು ಚೀಲಗಳನ್ನೂ ತಂದು, ಹೆಸರು ಎರಡೆರಡು ಸಲ ಓದಿ ಹೊಂದಿಸಿ, ಒಂದನ್ನು ಕಂಬಕ್ಕೆ ತೂಗುಹಾಕಿದರು. ಕೊಳವೆಯಲ್ಲಿ ಕೆಂಪು ಇಳಿಯತೊಡಗಿತು. ಇಷ್ಟು ದಿನದ ಗದ್ದಲಕ್ಕೆ ಹೋಲಿಸಿದರೆ ನೋಡಲು ಏನೂ ಇರಲಿಲ್ಲ. ಯಾರಿಗೋ ರಕ್ತ ಕೊಡುವ ಹಾಗೆಯೇ.

ತಂಗಿ ಫೋನ್ ಎತ್ತಿಕೊಂಡಳು.

"ಬಂತು ಕಣೆ ನಿಂದು."

"ಏನಾದ್ರೂ ಅನ್ನಿಸ್ತಿದೆಯಾ?"

"ಏನಿಲ್ಲ. ಆಮೇಲೆ ಬೆಳಿಗ್ಗೆ ಐದಕ್ಕೆ ಎಚ್ಚರ ಆದ್ರೆ ನೀನೇ ಹೊಣೆ."

"ಆದ್ರೆ ಒಳ್ಳೇದೇ."

"ಒಳಗಿಂದ ವಿಷಲ್ ಊದಬೇಡ, ಅಷ್ಟೇ." ಅವಳು ಗಾಜಿನ ಮೂಲಕ ನನ್ನ ಕೈಗಳನ್ನು ನೋಡಿದಳು. "ಇವತ್ತು ಬಾಯಿ ಬಿಟ್ಯಂತೆ."

"ಬಿಟ್ಟೆ."

"ಮೂಗು ತುರಿಸಿದ್ದನ್ನೂ ಹೇಳಿದ್ಯಂತೆ."

"ನಿನ್ನ ಗಂಡನಿಗೆ ಹೊಟ್ಟೇಲಿ ಮಾತು ನಿಲ್ಲಲ್ಲ."

ಅವಳು ನಗಲು ಹೋಗಿ ಬಾಯಿಯ ಹುಣ್ಣಿಗೆ ಕೈಯಿಟ್ಟುಕೊಂಡಳು. ಆಮೇಲೆ ಫೋನನ್ನು ಕಿವಿಗೆ ಹಿಡಿದೇ ಕಣ್ಣು ಮುಚ್ಚಿದಳು. ಇಡಲಿಲ್ಲ. ನಾನೂ ಇಡಲಿಲ್ಲ. ಅವಳ ಕೈ ಸಡಿಲವಾಗಿ ನರ್ಸ್ ಬಂದು ಫೋನನ್ನು ತೆಗೆದಿಡುವವರೆಗೆ ಹಾಗೇ ನಿಂತಿದ್ದೆ.

ಕೋಶಗಳು ತಮ್ಮ ಜಾಗ ಕಂಡುಕೊಂಡು ಕೆಲಸ ಶುರು ಮಾಡಿದವು ಎಂದು ರಕ್ತದ ಪರೀಕ್ಷೆಯಿಂದ ತಿಳಿದದ್ದು ದೀಪಾವಳಿ ಕಳೆದ ಮೇಲೆ. ಆ ನಡುವಿನ ದಿನಗಳು ಅವಳವು. ಅವನ್ನು ಬರೆಯುವುದಾದರೆ ಅವಳು ಬರೆಯಬೇಕು. ನನ್ನ ಪಾಲಿನ ಕೆಲಸ ಆ ಮಂಗಳವಾರದ ಸಂಜೆಗೆ ಮುಗಿದಿತ್ತು.

ಆಟೋ ಹಿಡಿದು ಮನೆಗೆ ಬಂದೆ. ಬೀಗ ತೆಗೆದು ದೀಪ ಹಾಕುವಾಗ ತಂಗಿಯ ಗಂಡನ ಫೋನ್ ಬಂತು. ಎರಡನೆಯ ಚೀಲವೂ ಮುಗಿದಿದೆ, ಜ್ವರವಿಲ್ಲ, ನಡುಕವಿಲ್ಲ, ನಿದ್ದೆ ಮಾಡುತ್ತಿದ್ದಾಳೆ ಎಂದರು.

"ಸರಿ. ನೀವೂ ಊಟ ಮಾಡಿ," ಎಂದೆ.

"ನಿಮಗೆ ಹೇಗಿದೆ ಅತ್ತಿಗೆ?"

"ಸೊಂಟ ನೋಯ್ತಿದೆ. ಮಾತ್ರೆ ತಗೋತೀನಿ."

ತೆಗೆದುಕೊಂಡೆ. ನಂತರ ಬಚ್ಚಲಿಗೆ ಹೋಗಿ ಎರಡೂ ಮೊಣಕೈಯ ಪಟ್ಟಿಗಳನ್ನು ಬಿಚ್ಚಿದೆ, ಹತ್ತಿ ಅಂಟಿಕೊಂಡಿದ್ದಲ್ಲಿ ಬಿಸಿನೀರು ಹಾಕಿ ಬಿಡಿಸಿದೆ, ಕೈ ತೊಳೆದು ಒರೆಸಿಕೊಂಡೆ.